ತೊಟ್ಟಿಲು ಮೇಸ್ತ್ರಿಯ ಹಳದಿ ಗೆರೆ

ಹಳೆಯ ಮೋಟಾರ್‌ಸೈಕಲ್ಲುಗಳಿಗೆ ಸೈಡ್‌ಕಾರ್ ಕಟ್ಟಿ ಜೋಡಿಸುತ್ತಿದ್ದ ಅವನನ್ನು ಎಲ್ಲರೂ ತೊಟ್ಟಿಲು ಮೇಸ್ತ್ರಿ ಎನ್ನುತ್ತಿದ್ದರು. ಬೈಕಿನ ಪಕ್ಕಕ್ಕೆ ಅಂಟಿಕೊಂಡು, ತನ್ನದೇ ಒಂದು ಚಕ್ರದ ಮೇಲೆ ಉರುಳುವ ಆ ತಗಡಿನ ಆಸನಕ್ಕೆ ಬೀದಿಯ ಮಕ್ಕಳು ಯಾವತ್ತೋ ತೊಟ್ಟಿಲು ಎಂದು ಹೆಸರಿಟ್ಟಿದ್ದರು, ಅದು ಹಾಗೇ ಉಳಿಯಿತು. ಒಮ್ಮೆ ಯಾರೋ ಒಬ್ಬ ಅಜ್ಜ ಹುಟ್ಟಲಿರುವ ಮೊಮ್ಮಗುವಿಗೆಂದು ಕೇಳಿಕೊಂಡು ಬಂದು, ಅರ್ಧ ಗಂಟೆ ಬಣ್ಣ, ಮೆತ್ತೆ ಎಲ್ಲ ಮಾತಾಡಿದ ಮೇಲೆ, “ಟಯರು ಹೊಸದೇ ಹಾಕ್ಲಾ?” ಎಂದು ಮೇಸ್ತ್ರಿ ಕೇಳಿದಾಗ ದಂಗಾಗಿ ನಿಂತಿದ್ದನಂತೆ. ಈ ಕಥೆಯನ್ನು ಮೇಸ್ತ್ರಿ ಬಂದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ. ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎನ್ನುವುದೇ ಇಲ್ಲಿಯ ಮಾತು.

ಐಸ್ ಕಾರ್ಖಾನೆಯ ಹಿಂಗೋಡೆಗೆ ಆತುಕೊಂಡ ಉದ್ದನೆಯ ಶೆಡ್ಡು ಅವನದು. ಮುಂದಿನರ್ಧ ಅವನ ಪೈಪು, ತಗಡು, ಸುತ್ತಿಗೆಗಳ ರಾಜ್ಯ. ಹಿಂದಿನರ್ಧದಲ್ಲಿ, ಕಿಟಕಿಯ ಕೆಳಗೆ, ಹೆಂಡತಿಯ ಹೊಲಿಗೆ ಯಂತ್ರ. ತೊಟ್ಟಿಲಿನ ಸೀಟು ಹೊಲಿಯುವವಳು ಅವಳು. ತಗಡು ಎಲ್ಲಿ ಒಂದು ಎಳೆ ಡೊಂಕಾಗಿದೆ ಎಂಬುದು ಅವನ ಅಳತೆಪಟ್ಟಿಗಿಂತ ಮೊದಲು ಅವಳ ಬಟ್ಟೆಗೆ ಗೊತ್ತಾಗುತ್ತಿತ್ತು. “ರೀ, ನಿಮ್ಮ ಎಡ ಮೂಲೆ ಸೊಟ್ಟ ಮೂತಿ ಮಾಡ್ಕೊಂಡಿದೆ,” ಎಂದು ಒಳಗಿನಿಂದಲೇ ಕೂಗುವಳು. ಅವನು ಗೊಣಗುತ್ತ ಹೋಗಿ ನೋಡಿದರೆ ಮಾತು ನಿಜವೇ ಇರುತ್ತಿತ್ತು.

ಕಸುಬು ಅವಳ ಅಪ್ಪನದು. ಮಗಳನ್ನೂ ಕೊಟ್ಟು ಕೆಲಸವನ್ನೂ ಕಲಿಸಿದ ಆ ಮಾವನ ಬಾಯಿಯಲ್ಲಿ ಬೆಂಕಿ, ಕೈಯಲ್ಲಿ ಬೆಣ್ಣೆ. ಹಳೆಯ ಬೈಕಿನ ಮೈಗೆ ವೆಲ್ಡಿಂಗ್ ತಾಗಿಸಬಾರದು, ಅಷ್ಟು ವಯಸ್ಸಾದ ಪೈಪು ಕಾವು ತಡೆಯುವುದಿಲ್ಲ ಎಂಬುದು ಅವನು ಹಾಕಿದ ಮೊದಲ ನಿಯಮ. ಅದಕ್ಕೇ ತೊಟ್ಟಿಲನ್ನು ನಾಲ್ಕು ಕಬ್ಬಿಣದ ತೋಳುಗಳಿಂದ ಹಿಡಿಸುವುದು. ಒಂದೊಂದು ತೋಳಿನ ತುದಿಗೂ ಒಂದೊಂದು ಕ್ಲಾಂಪು, ಬೈಕಿನ ಪೈಪನ್ನು ತಬ್ಬಿಕೊಳ್ಳುವ ಕಬ್ಬಿಣದ ಹಿಡಿ. ಕ್ಲಾಂಪಿಗೆ ಎರಡರಂತೆ ಎಂಟು ಬೋಲ್ಟು. ಹೊಸದಾಗಿ ಬಿಗಿದ ಕ್ಲಾಂಪು ನೋಡಲು ಜಗ್ಗದಂತೆ ಕಂಡರೂ ಹತ್ತು ಮೈಲಿ ಕುಲುಕಿದ ಮೇಲೆ ಪೇಂಟು ಸವೆದು, ಧೂಳು ಕೂತು, ಒಂದು ಕೂದಲಷ್ಟು ಸಡಿಲವಾಗುತ್ತದೆ. ಆಗ ಎರಡನೇ ಸಲ ಬಿಗಿಯಬೇಕು. ಹಾಗೆ ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಕ್ಲಾಂಪಿನ ಮೈವರೆಗೆ ಸಣ್ಣ ಬ್ರಷ್ಷಿನಲ್ಲಿ ಒಂದು ಹಳದಿ ಗೆರೆ. ಬೋಲ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. “ಗೆರೆ ಅಂದ್ರೆ ನಿನ್ನ ಸಹಿ ಕಣೋ. ಎರಡನೇ ಬಿಗಿತ ಆಗ್ದೆ ಗೆರೆ ಎಳೆದ್ಯೋ, ಕೈ ಮುರಿದುಹಾಕ್ತೀನಿ,” ಎಂದು ಮಾವ ಅಳಿಯನೆಂಬ ಮುಲಾಜಿಲ್ಲದೆ ಗದರಿದ್ದ. ಮಾವ ಹೋಗಿ ಎಷ್ಟೋ ವರ್ಷವಾದರೂ ಅದೇ ಬ್ರಷ್ಷು, ಅದೇ ಹಳದಿ.

ಪೋಸ್ಟ್‌ಮಾಸ್ತರು ಬಂದದ್ದು ನಿವೃತ್ತಿಯಾದ ಎರಡನೇ ವರ್ಷ. ಬೈಕನ್ನು ತಳ್ಳಿಕೊಂಡು ಬಂದಿದ್ದರು. ಮದುವೆಯಾದ ಹೊಸತರಲ್ಲಿ ಕೊಂಡದ್ದು, ಆಗಲೇ ಅದು ಯಾರೋ ಓಡಿಸಿ ಬಿಟ್ಟ ಹಳೇ ಗಾಡಿ. ನಲವತ್ತು ವರ್ಷ ಹೆಂಡತಿ ಅದರ ಹಿಂದಿನ ಸೀಟಿನಲ್ಲೇ ಊರು ಸುತ್ತಿದ್ದಳು. ಈಗ ಅವಳಿಗೆ ಬಲಗೈ ಬಲಗಾಲು ಸೋತು, ಮಾತು ನಿಧಾನವಾಗಿ, ಎರಡು ವರ್ಷದಿಂದ ಮಂಚ ಮತ್ತು ಕಿಟಕಿ ಇಷ್ಟೇ. ಹಿಂದೆ ಕೂರಿಸಿದರೆ ಜಾರುತ್ತಾಳೆ.

“ಅವಳಿಗೆ ಗಾಳಿ ಬೇಕು ಮೇಸ್ತ್ರಿ,” ಅಂದರು ಮಾಸ್ತರು. “ಬಸ್ಸಲ್ಲಿ ಕರ್ಕೊಂಡು ಹೋದ್ರೆ ಜನ ಅಯ್ಯೋ ಪಾಪ ಅಂತಾರೆ. ಅದು ಅವಳಿಗೆ ಆಗಲ್ಲ. ನಮ್ಮ ಗಾಡೀಲೇ ಹೋಗ್ಬೇಕು.”

ಮೇಸ್ತ್ರಿ ಮನಸ್ಸಿಟ್ಟು ಮಾಡಿದ. ಸೋತ ಕಾಲನ್ನು ಎತ್ತದೇ ಒಳಗೆ ಬರುವಂತೆ ಪಕ್ಕಕ್ಕೊಂದು ಬಾಗಿಲು ಇಟ್ಟ. ಎಡಗೈ ಹಿಡಿದುಕೊಳ್ಳಲು ಹೊರ ಅಂಚಿನಲ್ಲಿ ಒಂದು ಹಿಡಿ, ಬಲ ಮಗ್ಗುಲಿಗೆ ಒರಗಲು ಎತ್ತರದ ಮೆತ್ತೆ. ಆ ಮೆತ್ತೆಯನ್ನು ಅವನ ಹೆಂಡತಿ ಮೂರು ಸಲ ಬಿಚ್ಚಿ ಹೊಲಿದಳು. ಎರಡು ಉದ್ದ ಹಲಗೆಗಳನ್ನು ಚಕ್ರಗಳಿಗೆ ಆನಿಸಿ, ಗಾಡಿ ಪಕ್ಕಕ್ಕೆ ಎಳೆಯದಿರಲೆಂದು ಹಲಗೆಗಳ ನಡುವಿನ ಅಂತರ ಮುಂದೆ ಒಂದು ಬೆರಳು ಕಡಿಮೆ ಬರುವಂತೆ ಅಳೆದು ಅಳೆದು ನೇರ ಮಾಡಿದ. ಇನ್ನು ಐದು ಮೈಲಿ ದೂರದ ನೀರಿನ ಟ್ಯಾಂಕಿನವರೆಗೆ ಓಡಿಸಿ ತಂದು, ಎರಡನೇ ಬಿಗಿತ, ಗೆರೆ, ಅಷ್ಟೇ ಬಾಕಿ.

ಆ ಬೆಳಿಗ್ಗೆಯೇ ಫೋಟೋದವನು ಬರಬೇಕೇ! ಹಳೇ ಗಾಡಿ ಇಟ್ಟುಕೊಂಡವರ ಸಂಘವೊಂದು ಪ್ರದರ್ಶನ ಮಾಡುತ್ತಿತ್ತು, ಅದರಲ್ಲಿ ಕೈಕೆಲಸದವರ ದೊಡ್ಡ ದೊಡ್ಡ ಫೋಟೋ ಹಾಕುತ್ತಾರಂತೆ. ಮೇಸ್ತ್ರಿ ಒಳಗೆ ಓಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. “ಮದುವೇಲೂ ಇಷ್ಟು ಗಡಿಬಿಡಿ ಇರ್ಲಿಲ್ಲ ನಿಮ್ಗೆ,” ಎಂದು ಹೆಂಡತಿ ನಕ್ಕಳು.

“ಆ ಹಳದಿ ಗೆರೆ ಎಳೀತೀರಲ್ಲ, ಅದು ಬೇಕು,” ಅಂದ ಫೋಟೋದವನು. “ಎಲ್ರೂ ಅದನ್ನೇ ಹೇಳಿ ಕಳ್ಸಿದ್ದಾರೆ.”

“ಗಾಡಿ ಇನ್ನೂ ರಸ್ತೆಗೆ ಇಳಿದಿಲ್ಲ.”

“ಫೋಟೋಗೆ ತಾನೆ? ಸುಮ್ನೆ ಒಂದು ಎಳೀರಿ.”

ಸುಮ್ಮನೆ ಒಂದು ಎಳೆದ. ಬೆಳಕು ಸಾಲಲಿಲ್ಲ, ಇನ್ನೊಂದು ಎಳೆದ. ಮುಖ ಸ್ವಲ್ಪ ಈ ಕಡೆ, ಇನ್ನೊಂದು. ಹೀಗೆ ಎಂಟಕ್ಕೆ ಎಂಟೂ ಆದವು. ಆಮೇಲೆ ಒರೆಸಿದರಾಯಿತು ಎಂದುಕೊಂಡಿದ್ದ. ಆದರೆ ಹೊಗಳಿಸಿಕೊಂಡ ಮನುಷ್ಯನಿಗೆ ಆಮೇಲೆ ಎನ್ನುವುದು ಎಲ್ಲಿ ನೆನಪಿರುತ್ತದೆ? ಫೋಟೋದವನು ಹೋದ ಮೇಲೂ ಅವನ ಕಾಲು ನೆಲದ ಮೇಲಿರಲಿಲ್ಲ. ಊಟ ಮಾಡಿ, ಹೆಂಡತಿಯನ್ನು ತೊಟ್ಟಿಲಲ್ಲಿ ಕೂರಿಸಿಕೊಂಡು ಟ್ಯಾಂಕಿನವರೆಗೆ ಹೋಗಿ ಬಂದ. ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ವಾಪಸು ಬಂದು, ಬಟ್ಟೆಯಲ್ಲಿ ಧೂಳು ಒರೆಸುತ್ತ ಗಾಡಿಯ ಸುತ್ತ ಬಂದಾಗ ಎಂಟೂ ಕಡೆ ಹಳದಿ ಗೆರೆ ಕಂಡಿತು. ಹಳದಿ ಇದ್ದಲ್ಲಿ ತನ್ನ ಕೈ ಆಗಲೇ ಆಡಿದೆ ಎಂದು ನಲವತ್ತು ವರ್ಷದಿಂದ ಕಲಿತ ಕಣ್ಣು ಅದು. ಆ ಕಣ್ಣು ನಂಬಿತು.

ಹೊಲಿಗೆ ಯಂತ್ರದ ಕಡೆಯಿಂದ ಹೆಂಡತಿ ಕೇಳಿದಳು: “ಇದೇನು, ಇವತ್ತು ಸ್ಪ್ಯಾನರ್ ಸದ್ದೇ ಕೇಳ್ಲಿಲ್ಲ?”

“ಗೆರೆ ಕಾಣಲ್ವೇನೇ ನಿಂಗೆ? ಎಲ್ಲಾ ಆಗಿದೆ,” ಅಂದ ಮೇಸ್ತ್ರಿ.

ಆ ಸಂಜೆ ಮಾಸ್ತರು ಹೆಂಡತಿಯನ್ನು ಎತ್ತಿ ತೊಟ್ಟಿಲಲ್ಲಿ ಕೂರಿಸಿದಾಗ ಆಕೆ ಎಡಗೈಯಿಂದ ಆ ಹಿಡಿ ಹಿಡಿದು, ಮೆತ್ತೆಗೆ ಒರಗಿ, “ರಾಣಿ ಥರ ಇದೀನಿ ಅಲ್ವಾ?” ಎಂದು ಮೆಲ್ಲಗೆ ಕೇಳಿದರು. ಮೂರು ವಾರ ದಿನವೂ ಸಂಜೆ ಆ ಗಾಡಿ ಶೆಡ್ಡಿನ ಮುಂದೆ ಹಾದುಹೋಗುತ್ತಿತ್ತು. ಆಕೆಯ ಎಡಗೈ ಮೇಲೇಳುತ್ತಿತ್ತು. ಮೇಸ್ತ್ರಿ ಸುತ್ತಿಗೆ ಎತ್ತಿ ಉತ್ತರ ಕೊಡುತ್ತಿದ್ದ.

ನಾಲ್ಕನೇ ವಾರ ಗಾಡಿ ಸಾಮಾನಿನ ಲಾರಿಯಲ್ಲಿ ಬಂತು. ತೊಟ್ಟಿಲಿನ ಮೂತಿ ಜಜ್ಜಿಹೋಗಿತ್ತು, ಸೀಟು ಹರಿದಿತ್ತು. ಒಂದು ತಿರುವಿನಲ್ಲಿ ಗಾಡಿ ಇದ್ದಕ್ಕಿದ್ದ ಹಾಗೆ ಎಡಕ್ಕೆ ಎಳೆದು ಸೇತುವೆಯ ಕಟ್ಟೆಗೆ ಉಜ್ಜಿತ್ತು. ಮಾಸ್ತರಿಗೆ ಏನೂ ಆಗಿರಲಿಲ್ಲ. ಹೊರ ಅಂಚಿನ ಹಿಡಿ ಹಿಡಿದಿದ್ದ ಅವರ ಹೆಂಡತಿಯ ಎಡಗೈ, ಉಳಿದಿದ್ದ ಆ ಒಂದೇ ಒಂದು ಒಳ್ಳೆಯ ಕೈ, ಎರಡು ಕಡೆ ಮುರಿದಿತ್ತು.

“ತಪ್ಪು ನಂದೇ,” ಅಂದರು ಮಾಸ್ತರು. ಅವರ ಗಡ್ಡ ನಾಲ್ಕು ದಿನದ್ದು. “ತಿರುವಲ್ಲಿ ಎಲ್ಲೋ ನೋಡ್ದೆ. ನಿಮ್ಮ ಕೆಲಸದಲ್ಲಿ ಏನೂ ದೋಷ ಇಲ್ಲ ಮೇಸ್ತ್ರಿ, ಗೆರೆ ಒಂದೂ ಮುರಿದಿಲ್ಲ, ನಾನೇ ನೋಡ್ದೆ.”

ಮೇಸ್ತ್ರಿ ಮಂಡಿಯೂರಿ ಕೆಳಗೆ ಇಣುಕಿದ. ಗೆರೆ ಮುರಿದಿರಲಿಲ್ಲ, ನಿಜ. ಬೋಲ್ಟು ತಿರುಗಿಯೇ ಇರಲಿಲ್ಲ, ಎರಡನೇ ಬಿಗಿತಕ್ಕೂ. ಆದರೆ ಮುಂದಿನ ಕೆಳ ಕ್ಲಾಂಪು ಪೈಪಿನ ಮೇಲೆ ಎರಡು ಬೆರಳಷ್ಟು ಹಿಂದಕ್ಕೆ ಜಾರಿತ್ತು. ಜಾರಿದ ದಾರಿಯಲ್ಲಿ ಪೇಂಟು ಕಿತ್ತು ಬರೀ ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ಅವನ ಕಣ್ಣ ಮುಂದೆ ಇಸ್ತ್ರಿ ಅಂಗಿ, ಸಾಲದೇ ಹೋದ ಬೆಳಕು, ಕೇಳದ ಸ್ಪ್ಯಾನರ್ ಸದ್ದು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಮಾವ ಮುರಿಯುತ್ತೇನೆಂದದ್ದು ಅಳಿಯನ ಕೈಯನ್ನು. ಮುರಿದದ್ದು ಯಾರದೋ ಕೈ.

“ಏನಾದ್ರೂ ಕಾಣ್ತಾ?” ಎಂದರು ಬೆನ್ನ ಹಿಂದೆ ನಿಂತ ಮಾಸ್ತರು.

ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು, ಅವರ ಮುಖ ನೋಡದೆ ಮೇಸ್ತ್ರಿ ಹೇಳಿದ: “ಏನಿಲ್ಲ ಸಾರ್. ಎರಡು ಚಕ್ರ ಹಿಡಿದ ಕೈಗೆ ಮೂರು ಚಕ್ರ ಅಭ್ಯಾಸ ಆಗೋಕೆ ಟೈಮ್ ಬೇಕು.”

ಬಾಯಿಂದ ಬಿದ್ದ ಕ್ಷಣವೇ ಆ ಮಾತನ್ನು ಹಿಡಿದು ನುಂಗಬೇಕೆನ್ನಿಸಿತು. ಮಾಸ್ತರು ಪಾಠ ಹೇಳಿಸಿಕೊಂಡ ಮಗುವಿನಂತೆ ತಲೆಯಾಡಿಸಿದರು. “ನಾನೂ ಹಾಗೇ ಅಂದ್ಕೊಂಡೆ. ತೊಟ್ಟಿಲು ಬಿಚ್ಚಿಬಿಡಿ. ಬೈಕೂ ಇಲ್ಲೇ ಇರ್ಲಿ, ಯಾರಾದ್ರೂ ಕೇಳಿದ್ರೆ ಕೊಟ್ಬಿಡಿ. ನಾನಿನ್ನು ಗಾಡಿ ಮುಟ್ಟಲ್ಲ.” ಹೀಗೆಂದು ನಡೆದೇ ಮನೆಗೆ ಹೋದರು.

ಮೇಸ್ತ್ರಿ ತೊಟ್ಟಿಲು ಬಿಚ್ಚಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಟಾರ್ಪಾಲು ಹೊದಿಸಿ ಮೂಲೆಗೆ ತಳ್ಳಿದ. ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡ. ನಾಳೆಗೆ ಒಂದು ನೆಪ, ನಾಡಿದ್ದಿಗೆ ಇನ್ನೊಂದು. ಮೊದಲ ವಾರದಲ್ಲಿ ಹೇಳಿದ್ದರೆ ಅದು ತಪ್ಪಾಗುತ್ತಿತ್ತು, ತಿಂಗಳಾದ ಮೇಲೆ ಅದು ಮೋಸವಾಗಿ ಕೂತಿತ್ತು. ದಿನ ಕಳೆದಷ್ಟೂ ಹೇಳುವ ಮುಖ ಸಣ್ಣದಾಗುತ್ತ ಹೋಯಿತು. ಬೀದಿಯಲ್ಲಿ ಮಾಸ್ತರು ದೂರದಿಂದ ಕಂಡರೆ ಸಾಕು, ಅವನಿಗೆ ಔಷಧಿ ಅಂಗಡಿಯಲ್ಲೋ ಕ್ಷೌರದಂಗಡಿಯಲ್ಲೋ ಕೆಲಸ ನೆನಪಾಗುತ್ತಿತ್ತು. ಒಂದೇ ವಾರದಲ್ಲಿ ಎರಡು ಸಲ ಕ್ಷೌರ ಮಾಡಿಸಿಕೊಂಡು ಬಂದ ಗಂಡನನ್ನು ಹೆಂಡತಿ ಕಣ್ಣೆತ್ತಿ ನೋಡಿದಳು.

ಅವಳು ಮಾತ್ರ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಬರುತ್ತಿದ್ದಳು. ಬಂದು, ಯಂತ್ರಕ್ಕೆ ದಾರ ಪೋಣಿಸುತ್ತ, ತನ್ನಷ್ಟಕ್ಕೇ ಹೇಳಿಕೊಂಡಂತೆ ಹೇಳುವಳು. ಈಗ ಕೈಯ ಕಟ್ಟು ಬಿಚ್ಚಿದ್ದಾರೆ, ಬೆರಳು ಪೂರ್ತಿ ಮಡಚುತ್ತಿಲ್ಲ. ಮಾಸ್ತರೇ ಚಮಚದಲ್ಲಿ ಉಣಿಸುತ್ತಾರೆ, ತಲೆ ಬಾಚುತ್ತಾರೆ. ಆದರೆ ಮುಖ ನೋಡಿ ಮಾತಾಡುವುದಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕುತ್ತೇನೆಂದರೆ ಆಕೆ ಬೇಡ ಅನ್ನುತ್ತಾರೆ. ಮೇಸ್ತ್ರಿ ತಗಡಿಗೆ ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದ.

ಐದನೇ ತಿಂಗಳಲ್ಲಿ ಫೋಟೋ ಬಂತು. ಮೊಳದಗಲದ ಕಟ್ಟು ಹಾಕಿಸಿ, ಸಂಘದವರೇ ಬಂದು ಶೆಡ್ಡಿನ ಎದುರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಮಂಡಿಯೂರಿದ ಮೇಸ್ತ್ರಿ, ಕೈಯಲ್ಲಿ ಮಾವನ ಬ್ರಷ್ಷು, ಮುಖದ ಮೇಲೆ ಬೆಳಕು. ಬಂದವರೆಲ್ಲ ನಿಂತು ನೋಡಿ, “ಶ್ರದ್ಧೆ ಅಂದ್ರೆ ಇದು ನೋಡಿ,” ಎಂದು ಬೆನ್ನು ತಟ್ಟುವರು. ಒಬ್ಬನಂತೂ ಮಗಳನ್ನು ಕರೆತಂದು, “ಕೆಲಸ ಅಂದ್ರೆ ಹೀಗಿರ್ಬೇಕು ಪುಟ್ಟಿ,” ಎಂದು ತೋರಿಸಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೇಸ್ತ್ರಿಗೆ.

ಹೆಂಡತಿ ಫೋಟೋದ ಮುಂದೆ ಒಂದು ಮಧ್ಯಾಹ್ನ ಬಹಳ ಹೊತ್ತು ನಿಂತಳು. ಆಮೇಲೆ ಬೆರಳಿಟ್ಟು ತೋರಿಸಿದ್ದು ಗಂಡನ ಮುಖವನ್ನಲ್ಲ, ಟಯರನ್ನು.

“ಕೂದಲು ಇದೆ,” ಅಂದಳು.

ಹೊಸ ಟಯರಿಗೆ ಅಚ್ಚಿನಿಂದ ಬಂದ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವೆ. ಹತ್ತು ಮೈಲಿ ಓಡಿದರೆ ನೆಲಕ್ಕೆ ತಾಗುವ ಕಡೆ ಒಂದೂ ಉಳಿಯುವುದಿಲ್ಲ. ಫೋಟೋದಲ್ಲಿ ಅವು ಮುಳ್ಳಿನಂತೆ ಎದ್ದು ನಿಂತಿದ್ದವು. ಮೇಲೆ ಹಳದಿ ಗೆರೆ ಹಸಿಯಾಗಿ ಮಿನುಗುತ್ತಿತ್ತು.

“ಓಡಿಸೋಕ್ ಮುಂಚೆ ಎಳೆದಿದ್ದು. ಆಮೇಲೆ ಬಿಗೀಲಿಲ್ಲ,” ಅಂದಳು. “ಸದ್ದು ಕೇಳ್ಲಿಲ್ಲ ಅಂತ ನಾನು ಕೇಳ್ದೆ.”

“ಹೌದು, ನೀನು ಕೇಳ್ದೆ.”

“ಗಾಡಿ ವಾಪಸ್ ಬಂದ ದಿನವೇ ನಿಮ್ಗೆ ಗೊತ್ತಾಯ್ತು.”

“ಆಯ್ತು.”

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅಳುತ್ತಿದ್ದಳು. “ನಮ್ಮಪ್ಪನ ಬ್ರಷ್ಷು ಅದು,” ಅಂದಳು. “ನಾನು ಪ್ರತಿ ವಾರ ಅವರ ಮನೇಲಿ ಕೂತು, ಎಲ್ಲಾ ಸರಿಹೋಗುತ್ತೆ ಅಂತ ಹೇಳ್ತಿದ್ದೆ. ಇನ್ನು ನಾನು ಈ ಸುಳ್ಳು ಹೊತ್ಕೊಂಡು ಆ ಮನೆಗೆ ಹೋಗಲ್ಲ. ಹೋಗ್ಬೇಕಾದವರು ನೀವು.”

ಮಾರನೆಯ ದಿನ ಮೇಸ್ತ್ರಿ ಫೋಟೋವನ್ನು ಮೊಳೆಯಿಂದ ಇಳಿಸಿ, ಹಳೇ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಮಾತಾಡಲು ಬಾಯಿ ಬರದಿದ್ದರೆ ಅದನ್ನಾದರೂ ತೋರಿಸಬಹುದು ಎಂದಿತ್ತು ಅವನ ಲೆಕ್ಕ. ಆದರೆ ಮಾಸ್ತರು ಬಾಗಿಲಲ್ಲೇ ಪೇಪರು ಬಿಚ್ಚಿ ನೋಡಿ, ತಿಂಗಳುಗಳಿಂದ ನಗದ ಮುಖದಲ್ಲಿ ನಗು ತಂದುಕೊಂಡರು. “ಓಹೋ, ನಮ್ಗೆ ಕೊಡೋಕೆ ತಂದ್ರಾ? ಎಷ್ಟು ಚೆನ್ನಾಗಿ ಬಂದಿದೆ! ಇಲ್ನೋಡೇ, ನಮ್ಮ ಗಾಡಿ!” ಎಂದು ಒಳಗೆ ಒಯ್ದು ಹೆಂಡತಿಯ ಮುಂದೆ ಹಿಡಿದರು. ಕುರ್ಚಿಯಲ್ಲಿ ಕೂತ ಆಕೆ ಎಡಗೈಯ ಅರ್ಧ ಮಡಚಿದ ಬೆರಳುಗಳಿಂದ ಗಾಜನ್ನು ಸವರಿ, “ನನ್ನ ಬಾಗಿಲು,” ಅಂದರು. ಮೇಸ್ತ್ರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನಿಂತುಕೊಂಡೇ ಹೇಳಿದ. ಫೋಟೋದ ಗೆರೆ, ಟಯರಿನ ಕೂದಲು, ಜಾರಿದ ಕ್ಲಾಂಪು, ಒಂದನ್ನೂ ಬಿಡದೆ. “ತಿರುವಲ್ಲಿ ನೀವು ಎಲ್ಲಿ ನೋಡಿದ್ರೂ ಅದು ಎಳೀತಾ ಇತ್ತು ಸಾರ್. ನೀವಲ್ಲ, ಯಾರು ಓಡಿಸಿದ್ರೂ ಎಳೀತಾ ಇತ್ತು. ನನ್ನ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನಾಚಿಕೆ ಆಗುತ್ತೆ.”

ಮೊದಲು ಸದ್ದು ಬಂದದ್ದು ಕುರ್ಚಿಯಿಂದ. ಆಕೆ ಅಳುತ್ತಿದ್ದರು, ಸೋತ ಬಾಯಿಯಿಂದ ಪದಗಳು ಒಂದೊಂದಾಗಿ ಬರುತ್ತಿದ್ದವು.

“ಅಲ್ಲಿ ನೋಡಿ... ನಮ್ಮ ಹಳೇ ಮನೆ... ಅಂತ ನಾನೇ ಕೂಗಿದ್ದು. ಅದಕ್ಕೇ ಇವರು ಆ ಕಡೆ ನೋಡಿದ್ದು. ನನ್ನಿಂದಾನೇ ಹೀಗಾಯ್ತು... ನಾನೇ ಬಾಯಿ ಮುಚ್ಕೊಂಡು ಇರ್ಬೇಕಿತ್ತು... ಅಂದ್ಕೊಂಡಿದ್ದೆ.”

ಮಾಸ್ತರು ತಿರುಗಿ ಹೆಂಡತಿಯನ್ನು ನೋಡಿದರು. ಐದು ತಿಂಗಳಲ್ಲಿ ಮೊದಲ ಸಲ ನೇರ ಮುಖಕ್ಕೆ ನೋಡಿದರೇನೋ. “ಅದಕ್ಕೇನೇ ಕಿಟಕಿ ಬೇಡ ಅಂತಿದ್ದಿದ್ದು?” ಎಂದರು. ಆಕೆ ತಲೆಯಾಡಿಸಿದರು.

ಒಬ್ಬರ ಮನಸ್ಸಿನ ಮೇಲೆ ಕಲ್ಲು ಹೇರಿದ್ದೇನೆ ಎಂದು ಮೇಸ್ತ್ರಿ ತಿಳಿದಿದ್ದ. ಎರಡು ಕಲ್ಲು ಎಂಬುದು ಅವನಿಗೆ ಈಗ ಗೊತ್ತಾಯಿತು. ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಮುಂದೆ ಕೂತು, ಇಬ್ಬರೂ ತಮ್ಮ ತಮ್ಮದನ್ನು ಒಬ್ಬರಿಗೊಬ್ಬರು ಕಾಣದಂತೆ ಹೊತ್ತಿದ್ದರು.

ಮಾಸ್ತರು ಫೋಟೋವನ್ನು ಗೋಡೆಗೆ ಆನಿಸಿಟ್ಟು, ಮೆಲುದನಿಯಲ್ಲಿ ಕೇಳಿದರು: “ಬೋಲ್ಟು ಮರೆತ್ರಿ. ಆಯ್ತು, ಮನುಷ್ಯ ಮರೀತಾನೆ, ನಾನೂ ಎಷ್ಟೋ ಕಾಗದ ತಪ್ಪು ಮನೆಗೆ ಕಳ್ಸಿದೀನಿ. ಆದ್ರೆ ಕ್ಲಾಂಪು ನೋಡಿ ಎದ್ದು ನಿಂತ್ರಲ್ಲ, ಆಗ ಅಭ್ಯಾಸ ಆಗ್ಬೇಕು ಅಂದ್ರಲ್ಲ. ಅದನ್ನ ಯಾಕೆ ಅಂದ್ರಿ?”

ಅಷ್ಟೂ ದಾರಿ ಮಾತು ಜೋಡಿಸಿಕೊಂಡು ಬಂದಿದ್ದ ಮೇಸ್ತ್ರಿ ಈ ಪ್ರಶ್ನೆಯನ್ನು ಎಣಿಸಿರಲಿಲ್ಲ. ಹೆಸರು ಹೋಗುತ್ತದೆಂಬ ಹೆದರಿಕೆ ಎನ್ನಬಹುದಿತ್ತು. ಆ ಹೆದರಿಕೆಯನ್ನು ಆ ಕೈಯ ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ. “ಹೋಗಿ ಬನ್ನಿ,” ಅಂದರು ಮಾಸ್ತರು.

ವಾರ ಕಳೆದು ಒಂದು ಬೆಳಿಗ್ಗೆ ಮಾಸ್ತರು ಶೆಡ್ಡಿಗೆ ಬಂದರು. ಟಾರ್ಪಾಲು ತಾವೇ ಎಳೆದರು. “ಸರಿ ಮಾಡಿ. ಮುಗಿದ ದಿನ ನಾನು ಓಡಿಸ್ತೀನಿ, ನೀವು ಅದರಲ್ಲಿ ಕೂತ್ಕೋಬೇಕು,” ಎಂದಷ್ಟೇ ಹೇಳಿದರು. ಮೇಸ್ತ್ರಿಯ ಹೆಂಡತಿ ಆ ದಿನವೇ ಹರಿದ ಸೀಟನ್ನು ಮಡಿಲಿಗೆ ಎಳೆದುಕೊಂಡಳು.

ಮುಗಿದ ದಿನ ಮೇಸ್ತ್ರಿ ತೊಟ್ಟಿಲಲ್ಲಿ ಕೂತ. ಹೊರ ಅಂಚಿನ ಹಿಡಿಯನ್ನು ಎಡಗೈಯಲ್ಲಿ ಹಿಡಿದ. ಸೇತುವೆಯ ತಿರುವಿನಲ್ಲಿ ಕಲ್ಲಿನ ಕಟ್ಟೆ ಆ ಕೈಯ ಪಕ್ಕದಲ್ಲೇ ಹಾದುಹೋಗುವಾಗ ಅವನಿಗೆ ಕೈ ಒಳಗೆಳೆದುಕೊಳ್ಳಬೇಕೆನಿಸಿತು. ಎಳೆದುಕೊಳ್ಳಲಿಲ್ಲ. ಮಾಸ್ತರು ಒಮ್ಮೆಯೂ ಅವನ ಕಡೆ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತ ಓಡಿಸಿದರು. ಚೆನ್ನಾಗಿ ಓಡಿಸಿದರು. ಅವರು ಯಾವತ್ತೂ ಚೆನ್ನಾಗಿಯೇ ಓಡಿಸುತ್ತಿದ್ದರು.

ವಾಪಸು ಬಂದಾಗ ಇಬ್ಬರು ಹೆಂಗಸರೂ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಸ್ತ್ರಿ ಎಂಟೂ ಬೋಲ್ಟನ್ನು ಎಲ್ಲರಿಗೂ ಕೇಳುವಂತೆ ಎರಡನೇ ಸಲ ಬಿಗಿದ. ಮುಂದಿನ ಕೆಳ ಕ್ಲಾಂಪಿನ ಬೋಲ್ಟು ಕೂದಲಷ್ಟು ತಿರುಗಿತು, ಮಾವ ಹೇಳಿದಷ್ಟೇ. ಬ್ರಷ್ಷು ಹಳದಿಯಲ್ಲಿ ಅದ್ದಿದ. ಆದರೆ ಅದು ಬೋಲ್ಟಿನ ಹತ್ತಿರ ಹೋಗಲಿಲ್ಲ, ಕೈಯಲ್ಲೇ ನಿಂತಿತು.

“ಇಲ್ಲಿ ಕೊಡಿ,” ಅಂದರು ಮಾಸ್ತರ ಹೆಂಡತಿ.

ಕುರ್ಚಿಯನ್ನು ಹತ್ತಿರ ತಂದು ಕೂರಿಸಿದರು. ಮಡಚದ ಬೆರಳುಗಳ ನಡುವೆ ಬ್ರಷ್ಷು ಸಿಕ್ಕಿಸಿಕೊಂಡು ಆಕೆ ಬಾಗಿದರು. ಗೆರೆ ಬೋಲ್ಟಿನ ತಲೆಯಿಂದ ಹೊರಟು, ನಡುಗಿ, ದಾರಿ ತಪ್ಪಿ, ಕ್ಲಾಂಪಿನ ಮೇಲೆ ಹನಿಯಾಗಿ ಇಳಿಯಿತು. ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಜೇಬಿನ ಬಟ್ಟೆಗೆ ಹೋಯಿತು, ಒರೆಸಿ ನೇರ ಮಾಡಲು.

“ಒರೆಸ್ಬೇಡಿ,” ಅಂದರು ಆಕೆ. “ಹಾಗೇ ಕಾಣ್ಲಿ.”

ಅವನು ಬಟ್ಟೆಯನ್ನು ಜೇಬಿಗೆ ಹಾಕಿಕೊಂಡ. ಈಗಲೂ ಸಂಜೆ ಆ ಗಾಡಿ ಶೆಡ್ಡಿನ ಮುಂದೆ ಹೋಗುತ್ತದೆ, ಆಕೆ ಪೂರ್ತಿ ಏಳದ ಎಡಗೈಯನ್ನು ಏಳುವಷ್ಟು ಎತ್ತುತ್ತಾರೆ. ಮಾಸ್ತರು ರಸ್ತೆ ನೋಡುತ್ತಿರುತ್ತಾರೆ. ಎದುರಿಗೆ ಸಿಕ್ಕರೆ ಮಾತಾಡಿಸುತ್ತಾರೆ, ಆದರೆ ಅವನನ್ನು ಮೇಸ್ತ್ರಿ ಎಂದು ಮತ್ತೆ ಕರೆದಿಲ್ಲ.